ಕಬ್ಬಿಣಪ್ಪನ ಹುಬ್ಬುಗಂಟು

ಎಡಕ್ಕೆ ತಿರುಗುವ ಮೊದಲು ಕಬ್ಬಿಣಪ್ಪ ಎಡಕ್ಕೆ ನೋಡುತ್ತಿದ್ದ. ಕೈ ಎತ್ತುವ ಮೊದಲು ಕೈ ಹೋಗಬೇಕಾದ ಕಡೆ ಅವನ ಕಣ್ಣು ಹೋಗುತ್ತಿತ್ತು. ಎತ್ತಿದ ಕಲ್ಲು ಹಗುರವಾಗಿದ್ದರೆ ಮುಖ ಸಡಿಲ. ಭಾರ ಹೆಚ್ಚಿದಂತೆ ಹುಬ್ಬುಗಳು ಕೂಡುತ್ತಿದ್ದವು. ಇನ್ನು ತಡೆಯಲಾರೆ ಅನ್ನುವ ಹೊತ್ತಿಗೆ ಹಣೆಯ ನಡುವೆ ಒಂದು ಗಂಟು ಬಿದ್ದು, ತುಟಿ ಬಿಗಿದು, ಮೂಗಿನ ಹೊಳ್ಳೆಗಳು ಅಗಲವಾಗುತ್ತಿದ್ದವು. ಅದನ್ನು ಕಂಡ ಕೂಡಲೇ ಕೆಂಪುಗುಡ್ಡದ ಕಲ್ಲುಗಣಿಯಲ್ಲಿ ಯಾರಾದರೊಬ್ಬರು ಕೂಗು ಹಾಕುತ್ತಿದ್ದರು: “ಅಪ್ಪ ಗಂಟ ಹಾಕ್ಯಾನ, ಸರೀರಲೇ!” ಎಲ್ಲರೂ ಸರಿಯುತ್ತಿದ್ದರು. ಕಬ್ಬಿಣಪ್ಪ ಕಲ್ಲನ್ನು ಮೆಲ್ಲಗೆ ಕೆಳಗಿಡುತ್ತಿದ್ದ. ಯಾರೂ ಸಾಯುತ್ತಿರಲಿಲ್ಲ.

ಅವನು ಬರುವ ಮೊದಲು ಅಲ್ಲಿದ್ದದ್ದು ಹಳದಿ ಬಣ್ಣದ ಉದ್ದ ತೋಳಿನ ಯಂತ್ರಗಳು. ಶಕ್ತಿಗೇನೂ ಕಡಿಮೆಯಿರಲಿಲ್ಲ. ಆದರೆ ಅವು ಯಾವಾಗ ಯಾವ ಕಡೆ ತಿರುಗುತ್ತವೆಂದು ತಿಳಿಯುತ್ತಿರಲಿಲ್ಲ. ಎತ್ತು ಹಾಯುವ ಮೊದಲು ಕಿವಿ ಹಿಂದಕ್ಕೆ ಮಡಚುತ್ತದೆ. ನಾಯಿ ಕಚ್ಚುವ ಮೊದಲು ತುಟಿ ಎತ್ತುತ್ತದೆ. ಹಳದಿ ತೋಳು ಮಾತ್ರ ಏನೂ ಹೇಳದೆ ಬೀಸುತ್ತಿತ್ತು. ಹಾಗೆ ಬೀಸಿದ ಒಂದು ತೋಳಿಗೆ ಸಿಕ್ಕಿ ಸತ್ತವನು ಡಾಕ್ಟರ್ ಯಶೋಧರಾಳ ಅಪ್ಪ. ಆಗ ಅವಳಿನ್ನೂ ಕಾಲೇಜಿನಲ್ಲಿದ್ದಳು. ‘ಅಪಘಾತ’ ಎಂದು ಒಂದು ಪದ ಬರೆದು ಮುಗಿಸಿದ್ದರು.

ಆ ಸಿಟ್ಟಿನಲ್ಲೇ ಅವಳು ಓದಿದಳು. ಧಾರವಾಡದಲ್ಲಿ ಓದಿ, ಹೊರದೇಶದಲ್ಲಿ ಸಂಶೋಧನೆ ಮಾಡಿ, ಹುಟ್ಟಿದೂರಿನ ಗಣಿಗೇ ತಿರುಗಿ ಬಂದು, ಯಂತ್ರಕ್ಕೊಂದು ಮುಖ ಕೊಟ್ಟಳು. ಹಾಗೆ ಮುಖ ಪಡೆದ ಯಂತ್ರಗಳಲ್ಲಿ ಮೊದಲನೆಯವನು ಕಬ್ಬಿಣಪ್ಪ. ರಬ್ಬರಿನಂಥ ಚರ್ಮದ ಕೆಳಗೆ ನರಗಳ ಹಾಗೆ ಎಳೆಗಳು. ಆ ಎಳೆಗಳ ಸಂಬಂಧವೆಲ್ಲ ಕೀಲುಗಳಲ್ಲಿ ಕೂತ ಭಾರಮಾಪಕಗಳ ಜೊತೆಗೆ. ಕೈ ಮುಂದೇನು ಮಾಡಲಿದೆಯೋ ಅದು ಕಣ್ಣು ಮಿಟುಕಿಸುವಷ್ಟು ಮೊದಲೇ ಮುಖದಲ್ಲಿ ಕಾಣುತ್ತಿತ್ತು. ಆ ಮುಖಕ್ಕೆ ಸಂತೋಷ, ದುಃಖ, ಸಿಟ್ಟು ಏನೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಭಾರ ಒಂದೇ.

ಮೊದಲು ಅವಳು ತಂದದ್ದು ನಗರದಲ್ಲಿ ಮಾರಾಟಕ್ಕಿದ್ದ ನಗುಮುಖಗಳ ಮಾದರಿ. ಅದನ್ನು ಕಂಡು ಗಣಿಯ ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

“ಡಾಕ್ಟ್ರಕ್ಕಾರ, ಇಂವ ಕಲ್ಲ ಎತ್ತಾಕ ಬಂದಾನೋ, ಬೀಗರ ಊಟಕ್ಕ ಬಂದಾನೋ?” ಎಂದಿದ್ದ ಕಲ್ಲು ಮೀಟುವ ಯಮನೂರಪ್ಪ.

“ಮತ್ತ ಹೆಂಗಿರಬೇಕು ತೋರಸೋ ನೀನ.”

ಯಮನೂರಪ್ಪ ತೋರಿಸಿದ್ದ. ಒಂದು ಬಂಡೆಗೆ ಹಾರೆ ಕೊಟ್ಟು ಮೀಟಿದ್ದ. ಅವನ ಹಣೆಯ ನಡುವೆ ಬಿದ್ದ ಗಂಟನ್ನು ಯಶೋಧರಾ ಹಾಗೇ ತೆಗೆದುಕೊಂಡಳು. ಕಬ್ಬಿಣಪ್ಪನ ಹುಬ್ಬುಗಂಟು ಯಮನೂರಪ್ಪನದು ಎಂದು ಗಣಿಯಲ್ಲೆಲ್ಲ ಗೊತ್ತಿತ್ತು. ಅವನ ಹೆಂಡತಿ ಹುಲಿಗೆವ್ವ ಬುತ್ತಿ ತಂದಾಗ ಯಂತ್ರದ ಕಡೆ ನೋಡಿ, “ಮನ್ಯಾಗೊಂದು ಸಾಲದಂತ ಇಲ್ಲೊಂದು ಸಿಡುಕು ಮಾರಿ,” ಎಂದು ನಗಿಸುತ್ತಿದ್ದಳು.

ಆ ಬೇಸಿಗೆಯಲ್ಲಿ ಒಂದು ಅಪರೂಪದ ಕಲ್ಲು ಸಿಕ್ಕಿತು. ಎಲ್ಲಿಯೂ ಒಂದು ಗೀರಿಲ್ಲದ, ಮನೆಯಷ್ಟು ದೊಡ್ಡ ಕೆಂಪು ದಿಮ್ಮಿ. ಬಂದರಿನಲ್ಲಿ ಹಡಗು ಕಾಯುತ್ತಿತ್ತು. ಕಬ್ಬಿಣಪ್ಪ ಕೈ ಹಚ್ಚಿದ, ತುಸು ಎತ್ತಿದ, ಹುಬ್ಬು ಗಂಟು ಹಾಕಿದ, ಕೆಳಗಿಟ್ಟ. ಅಷ್ಟು ಭಾರ ಅವನ ಮಣಿಕಟ್ಟಿಗೆ ಮೀರಿದ್ದು. ಮಾರನೆಯ ದಿನ ಬೇರೆ ಗಣಿಯಿಂದ ದೊಡ್ಡ ಯಂತ್ರ ಬರುವುದಿತ್ತು.

ಮ್ಯಾನೇಜರ್ ನಿರಂಜನನ ದನಿ ಯಂತ್ರಗಳನ್ನು ನಡೆಸುವ ಕ್ಯಾಬಿನ್ನಿನ ಧ್ವನಿವರ್ಧಕದಲ್ಲಿ ಬಂತು. “ಯಮನೂರಪ್ಪ, ಈಗ ಎತ್ತಿಸ್ತೀನಿ. ಎತ್ತಿದ ಕೂಡ್ಲೆ ಕೆಳಗೆ ಮರದ ತುಂಡು ಕೊಡು.”

“ಅಂವ ಗಂಟ ಹಾಕ್ಯಾನ್ರಿ ಸರ. ಒಲ್ಲೆ ಅನ್ನಾಕತ್ತಾನ.”

“ಒಲ್ಲೆ ಅನ್ನೋಕೆ ಅವನೇನು ನಿನ್ನ ಭಾವಮೈದುನನಾ? ಯಂತ್ರ ಕಣಯ್ಯ ಅದು. ಹೋಗು.”

“ನಾಳಿ ದೊಡ್ಡ ಮಸೀನು ಬರ್ತೈತಲ್ರಿ ಸರ...”

“ಹಾಗಾದ್ರೆ ನಾಳೆಯಿಂದ ನೀನು ಬರೋದು ಬೇಡ.”

ಯಮನೂರಪ್ಪ ಒಮ್ಮೆ ಕಬ್ಬಿಣಪ್ಪನ ಮುಖ ನೋಡಿದ. ಮರದ ತುಂಡು ಹೊತ್ತುಕೊಂಡು ಕಲ್ಲಿನ ಬುಡಕ್ಕೆ ಹೋದ.

ಕ್ಯಾಬಿನ್ನಿನಲ್ಲಿ ಒಂದು ಕೆಂಪು ಹಿಡಿಕೆ ಇತ್ತು. ಕಲ್ಲಿನಡಿ ಯಾರಾದರೂ ಸಿಕ್ಕಿಕೊಂಡರೆ, ಯಂತ್ರ ಮುರಿದರೂ ಚಿಂತೆಯಿಲ್ಲ, ಎತ್ತಿ ಬಿಡಿಸಲಿ ಎಂದು ಭಾರದ ತಡೆಯನ್ನು ತೆಗೆದುಹಾಕುವ ಹಿಡಿಕೆ. ಜೀವ ಉಳಿಸಲೆಂದು ಯಶೋಧರಾಳೇ ಇಟ್ಟದ್ದು. ನಿರಂಜನ ಅದನ್ನು ಎಳೆದ. ಕಬ್ಬಿಣಪ್ಪ ಎತ್ತಿದ. ಮುಖದ ಎಳೆಗಳೆಲ್ಲ ಬಿಗಿದು, ಗಂಟು ಇನ್ನಿಲ್ಲದಷ್ಟು ಆಳಕ್ಕೆ ಬಿತ್ತು. ಅದರ ಹಿಂದೆಯೇ ಮಣಿಕಟ್ಟು ಮುರಿಯಿತು.

ಗಣಿಯ ಅಂಚಿನಲ್ಲಿದ್ದ ತನ್ನ ಶೆಡ್‌ನಿಂದ ಯಶೋಧರಾ ಓಡಿ ಬರುವಷ್ಟರಲ್ಲಿ ಧೂಳು ಇನ್ನೂ ಇಳಿದಿರಲಿಲ್ಲ. ಯಮನೂರಪ್ಪ ಎಲ್ಲೂ ಕಾಣಲಿಲ್ಲ. ಕಲ್ಲು ಕಾಣುತ್ತಿತ್ತು.

ಹೆಣ ಊರು ಮುಟ್ಟುವ ಮೊದಲೇ ವಿಡಿಯೋ ಊರು ಮುಟ್ಟಿತು. ಅದರಲ್ಲಿ ಕ್ಯಾಬಿನ್ ಇರಲಿಲ್ಲ, ಹಿಡಿಕೆ ಇರಲಿಲ್ಲ, ಕಲ್ಲೂ ಇರಲಿಲ್ಲ. ಇದ್ದದ್ದು ಕಬ್ಬಿಣಪ್ಪನ ಮುಖ ಒಂದೇ. ಅದನ್ನು ನಿಧಾನಗೊಳಿಸಿ, ಹಿಂದೆ ಸಂಗೀತ ಸೇರಿಸಿ ಮತ್ತೆ ಮತ್ತೆ ತೋರಿಸುತ್ತಿದ್ದರು. “ಆ ಹುಬ್ಬು ನೋಡಿ ವೀಕ್ಷಕರೇ! ಆ ಕಣ್ಣಿನಲ್ಲಿರೋ ದ್ವೇಷ ನೋಡಿ! ಕೊಲ್ಲೋದಕ್ಕೆ ಮುಂಚೆ ಒಂದು ಕ್ಷಣ ಯೋಚನೆ ಮಾಡ್ತಾ ಇದೆ!” ಸಂಜೆಯ ಹೊತ್ತಿಗೆ ಕಂಪನಿಯ ಹೇಳಿಕೆ ಬಂತು. ಯಂತ್ರಮಾನವ ಸ್ವಂತ ನಿರ್ಧಾರದಿಂದ ಈ ಕೃತ್ಯ ಎಸಗಿದೆ, ಮೃತನ ಕುಟುಂಬದ ದುಃಖದಲ್ಲಿ ನಾವೂ ಭಾಗಿಗಳು. ಸ್ವಯಂಚಾಲಿತ ಯಂತ್ರಗಳ ಹೊಸ ಕಾಯಿದೆಯಲ್ಲಿ ಆ ಒಂದು ವಾಕ್ಯಕ್ಕೆ ಬಹಳ ಬೆಲೆ. ಯಂತ್ರ ತಾನಾಗಿ ಮಾಡಿದ್ದಕ್ಕೆ ಮಾಲೀಕ ಅಪರಾಧಿಯಲ್ಲ.

ಯಶೋಧರಾ ಇಳಕಲ್ಲಿನ ವಕೀಲ ಬಶೀರನ ಕಚೇರಿಗೆ ಹೋದಳು. ಮ್ಯಾನೇಜರನ ಮಾತನ್ನು ಕಿವಿಯಾರೆ ಕೇಳಿದವರು ಗಣಿಯ ತುಂಬ ಇದ್ದರು. ಕೇಸು ಗಟ್ಟಿಯಿದೆ ಎಂದುಕೊಂಡಿದ್ದಳು.

“ಹಾಕೂಣ ಅಕ್ಕಾರ,” ಎಂದ ಬಶೀರ. “ಆದ್ರ ಒಂದ ಮಾತ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಈ ಕತಿ ಜಡ್ಜ್ ಸಾಹೇಬ್ರು ಸಣ್ಣವರಿದ್ದಾಗಿಂದ ನೋಡ್ಯಾರ.”

“ಯಾವ ಕತಿ?”

“ಮನಷ್ಯಾನಂಗ ಇರೋ ಮಸೀನು ಒಂದಿನ ಕಣ್ಣ ಕೆಂಪ ಮಾಡ್ತೈತಿ, ಮಾಲಕನ್ನ ಕೊಲ್ತೈತಿ. ಯಾವ ಸಿನಿಮಾ ನೋಡ್ರಿ, ಅದ. ನನ್ನ ಮಗಳ ಆಡೋ ಆಟದಾಗೂ ಅದ. ನಿಮ್ಮ ಕಬ್ಬಿಣಪ್ಪ ಹುಟ್ಟೂಕಿಂತ ಮದಲ ಅವನ ಮ್ಯಾಲ ಕೇಸ್ ಆಗಿ, ಶಿಕ್ಷಾನೂ ಆಗಿಬಿಟ್ಟೈತ್ರಿ. ನಾವು ಈಗ ವಕಾಲತ್ತು ಮಾಡಾಕ ಹೊಂಟೀವಿ.”

“ಇಲ್ಲಿ ಸತ್ತಾಂವ ಮಾಲಕ ಅಲ್ಲಲ್ಲ ಬಶೀರಣ್ಣ.”

“ಅದನ್ಯಾರು ಕೇಳ್ತಾರ?” ಬಶೀರ ಚಹಾದ ಕಪ್ಪನ್ನು ಅವಳ ಮುಂದೆ ಸರಿಸಿದ. “ನಿಮ್ಮಪ್ಪನ್ನ ಕೊಂದದ್ದಕ್ಕ ಮಾರಿ ಇರಲಿಲ್ಲ. ಅದು ಅಪಘಾತ ಆತು. ಇದಕ್ಕ ಮಾರಿ ಐತಿ. ಇದು ಕೊಲಿ ಆತು. ಎರಡರಾಗೂ ಸಾಹುಕಾರಗೆ ಬಿಡುಗಡಿ. ಮಾರಿ ಕೊಟ್ಟು ತಪ್ಪ ಮಾಡಿದ್ರೇನೋ ಅನಸ್ತೈತಿ.”

ಯಶೋಧರಾ ಚಹಾ ಮುಟ್ಟಲಿಲ್ಲ. ಎದ್ದು ಹೊರಗೆ ಬಂದು ಬಸ್ಸಿಗೆ ಕಾಯುತ್ತ ನಿಂತಳು. ಯಾಕೆ ಅದೇ ಕತೆ? ಆಳು ಒಂದು ದಿನ ತಿರುಗಿ ಬೀಳುತ್ತಾನೆ ಎಂದು ಹೆದರುವವರು ಯಾರು? ಆಳನ್ನು ಇಟ್ಟುಕೊಂಡವರು. ಕೂತಲ್ಲಿಗೆ ನೀರು ತರಿಸಿಕೊಂಡವರು, ಕಾಲು ಒತ್ತಿಸಿಕೊಂಡು ಮಲಗಿದವರು, ತಟ್ಟೆ ತಂದಿಟ್ಟವನು ತಲೆಯೆತ್ತಿ ನೋಡಿದರೆ ಬೆಚ್ಚಿಬಿದ್ದವರು. ತಾವು ಮಾಡಿದ್ದು ತಮಗೆ ಗೊತ್ತಿದ್ದದ್ದಕ್ಕೇ ಅವರಿಗೆ ಭಯ. ಆ ಭಯವನ್ನು ಇದ್ದ ಹಾಗೆ ಬರೆದರೆ ನಾಚಿಕೆಗೇಡು. ಅದಕ್ಕೇ ಆಳಿನ ಮೈಗೆ ತಗಡು ಹೊದಿಸಿ, ಕಣ್ಣಿಗೆ ಕೆಂಪು ದೀಪ ಹಚ್ಚಿ ಕತೆ ಮಾಡಿದರು. ಮನುಷ್ಯರ ಹಾಗೇ ಇದೆ, ಆದರೆ ಮನುಷ್ಯರಲ್ಲ, ಹತ್ತಿರ ಬಿಟ್ಟುಕೊಳ್ಳಬೇಡಿ. ಈ ಮಾತು ಅವಳಿಗೆ ಹೊಸದಲ್ಲ. ಇದನ್ನೇ ಊರ ಬಾವಿಯ ಕಟ್ಟೆಯ ಮೇಲೆ ನಿಂತು ಅವಳ ಅಜ್ಜಿಯ ಅಜ್ಜಿಗೆ ಹೇಳಿದ್ದರು. ಆಗ ಯಂತ್ರಗಳಿರಲಿಲ್ಲ.

ಮತ್ತೆ ಆ ಹುಬ್ಬುಗಂಟು! ದ್ವೇಷವಂತೆ. ಅದು ಒಬ್ಬ ಮನುಷ್ಯ ಬಂಡೆಗೆ ಹಾರೆ ಕೊಟ್ಟಾಗ ಬಿದ್ದ ಗಂಟು. ಭಾರ ಹೊತ್ತವನ ಮುಖ, ಹೊರದೆ ಕೂತವನ ಕಣ್ಣಿಗೆ ಯಾವಾಗಲೂ ಸಿಟ್ಟಿನ ಮುಖವಾಗಿಯೇ ಕಂಡಿದೆ.

ಅವಳು ಒಂದು ನಿರ್ಧಾರಕ್ಕೆ ಬಂದಳು. ಮಾತಿನಿಂದ ಆಗುವುದಿಲ್ಲ. ಕಬ್ಬಿಣಪ್ಪನನ್ನೇ ಕೋರ್ಟಿಗೆ ಒಯ್ಯಬೇಕು. ಮುರಿದ ಮಣಿಕಟ್ಟು ಸರಿಮಾಡಿ, ನ್ಯಾಯಾಧೀಶರ ಎದುರಿಗೆ ಕಲ್ಲು ಎತ್ತಿಸಬೇಕು. ಭಾರ ಮೀರಿದಾಗ ಗಂಟು ಬೀಳುವುದನ್ನು, ತಾನಾಗಿ ಕೆಳಗಿಡುವುದನ್ನು ಅವರು ಕಣ್ಣಿಂದ ನೋಡಬೇಕು. ಆಮೇಲೆ ಹಿಡಿಕೆ ಎಳೆದ ಹೊರತು ಆ ಕೈ ಒಂದು ಬೆರಳಷ್ಟೂ ಮೇಲೇಳುವುದಿಲ್ಲ ಎಂದು ತಿಳಿಯಬೇಕು. ಕೋರ್ಟು ಒಪ್ಪಿ ಮುಂದಿನ ವಾರದ ತಾರೀಖು ಕೊಟ್ಟಿತು. ಅಲ್ಲಿಯವರೆಗೆ ಯಂತ್ರ ಕಂಪನಿಯ ಶೆಡ್ಡಿನಲ್ಲಿರಲಿ ಎಂದಿತು.

ಆದರೆ ಕೆಂಪುಗುಡ್ಡಕ್ಕೆ ತನ್ನದೇ ಒಂದು ಪದ್ಧತಿಯಿತ್ತು. ಒಬ್ಬ ಮನುಷ್ಯನನ್ನು ಕೊಂದ ಕಲ್ಲು ಗಣಿಯಿಂದ ಹೊರಗೆ ಹೋಗಬಾರದು. ಅದನ್ನು ಮಾರಬಾರದು, ಅದರಿಂದ ಒಂದು ಮೆಟ್ಟಿಲೂ ಆಗಬಾರದು. ಸತ್ತವನ ಮನೆಯವರು ಮೊದಲ ಸುತ್ತಿಗೆ ಹಾಕಬೇಕು. ಆಮೇಲೆ ಎಲ್ಲರೂ ಸೇರಿ ಚೂರು ಚೂರು ಮಾಡಿ, ಆ ಚೂರನ್ನು ಗೋರಿಯ ಮೇಲೆ ಸುರಿಯಬೇಕು. ಎಂಥ ಬೆಲೆಬಾಳುವ ಕಲ್ಲಾದರೂ ಅಷ್ಟೇ. ಹಿಂದಿನಿಂದಲೂ ಮಾಲೀಕರಿಗೆ ಇದು ಹೊಟ್ಟೆಯುರಿ. ಪೊಲೀಸರನ್ನು ಕರೆಸಿದ್ದುಂಟು, ಲಾಠಿ ಬೀಸಿಸಿದ್ದುಂಟು. ಆದರೂ ಕೆಂಪುಗುಡ್ಡದವರು ಕೊಂದ ಕಲ್ಲನ್ನು ಬಿಟ್ಟುಕೊಟ್ಟಿರಲಿಲ್ಲ.

ಈ ಸಲ ಕಂಪನಿಯೇ ಮನೆ ಬಾಗಿಲಿಗೆ ಬಂತು. ನಿರಂಜನ ಚಪ್ಪಲಿ ಹೊರಗೆ ಬಿಟ್ಟು, ಹುಲಿಗೆವ್ವನ ಮನೆಯ ನೆಲದ ಮೇಲೆ ಕೂತು, “ನಿಮ್ಮ ಪದ್ಧತಿಗೆ ನಾವು ಅಡ್ಡ ಬರಲ್ಲಮ್ಮ. ಕೊಂದದ್ದನ್ನ ಒಡೆಯಿರಿ. ನಮ್ಮದೇನೂ ಅಭ್ಯಂತರ ಇಲ್ಲ,” ಎಂದ.

ಯಶೋಧರಾಳಿಗೆ ಸುದ್ದಿ ಮುಟ್ಟಿದಾಗ ಗಣಿಯ ಬಯಲಿನಲ್ಲಿ ಶಾಮಿಯಾನ ಎದ್ದಿತ್ತು. ಕಂಪನಿಯ ಖರ್ಚಿನಲ್ಲಿ ಶರಬತ್ತು, ಹೊಸ ಸುತ್ತಿಗೆಗಳು, ಟೀವಿಯವರು. ನಡುವೆ ಕಬ್ಬಿಣಪ್ಪ ಒಂದು ಕೈ ಜೋತುಬಿಟ್ಟು ನಿಂತಿದ್ದ. ಅವಳು ಜನರನ್ನು ಸೀಳಿಕೊಂಡು ಹೋಗಿ ಅವನ ಮುಂದೆ ನಿಂತಳು.

“ಒಡೀಬ್ಯಾಡ್ರಿ! ಇವನ್ನ ಒಡದ್ರ ಕೇಸ್ ಉಳಿಯೂದಿಲ್ಲ. ಇವನ ಸಾಕ್ಷಿ ನಮಗ. ಹಿಡಿಕಿ ಎಳದಾಂವ ಯಾರು, ನಿಮಗೆಲ್ಲಾ ಗೊತ್ತೈತಿ!”

“ಗೊತ್ತೈತ್ರಿ ಅಕ್ಕಾರ,” ಎಂದ ಯಮನೂರಪ್ಪನ ಅಣ್ಣ ಮುದುಕಪ್ಪ. “ಆದ್ರ ಕೊಂದ ಕೈ ಇದರದಲ್ಲೇನು? ಹಿಂದಕ ಕಲ್ಲು ಒಡದೀವಿ. ಕಲ್ಲೇನು ತಾನಾಗಿ ಕೊಂದಿತ್ತಾ? ಆದ್ರೂ ಒಡದೀವಿ. ಒಡೀದಿದ್ರ ಜೀವ ತಣ್ಣಗಾಗೂದಿಲ್ಲ.”

“ಟೀವ್ಯಾಗ ನೋಡೀವಿ!” ಹಿಂದಿನಿಂದ ಯಾರೋ ಕೂಗಿದರು. “ಹೆಂಗ ಸಿಟ್ಟ ಮಾಡಿತ್ತು ಸೂಳೇಮಗಂದು!”

“ಅದು ಸಿಟ್ಟಲ್ಲೋ! ದಿನಾ ನೋಡಿದವರು ನೀವ, ನಿಮಗ ತಿಳಿಯೂದಿಲ್ಲೇನು?”

ದಿನಾ ನೋಡಿದ್ದು ನಿಜ. ಆದರೆ ಈ ವಾರವೆಲ್ಲ ಟೀವಿಯಲ್ಲಿ ಅದಕ್ಕಿಂತ ಹೆಚ್ಚು ಸಲ ನೋಡಿದ್ದರು.

ಹುಲಿಗೆವ್ವ ಸುತ್ತಿಗೆ ಹಿಡಿದು ಮುಂದೆ ಬಂದಳು. ಅವಳ ದನಿ ಬಹಳ ಸಣ್ಣದಾಗಿತ್ತು. “ಸರಿಯಕ್ಕ ನೀನು.”

“ಹುಲಿಗೆವ್ವ, ನಾಲ್ಕ ದಿನ ತಡೀ. ಅವರ ಕೈಗೆ ಕ್ವಾಳ ಹಾಕಸ್ತೀನಿ.”

“ಹಾಕಸ್ತೀಯೇನೋ. ನೀ ಓದಿದಾಕಿ. ಆದ್ರ ಸಾಕ್ಷಿ ಅಂತ ಇದನ್ನ ಮತ್ತ ಕಲ್ಲ ಎತ್ತಸ್ತೀಯಲ್ಲ, ಎಲ್ಲಾರ ಮುಂದ? ಮತ್ತ ಗಂಟ ಹಾಕ್ತೈತಲ್ಲ?” ಅವಳು ಯಂತ್ರದ ಹಣೆಯನ್ನು ನೋಡಿದಳು. “ಅದು ನನ್ನ ಗಂಡನ ಮಾರಿ. ಮಣ್ಣ ಮಾಡಿ ಬಂದೀನಿ ನಾನು. ಇನ್ನೂ ಎಷ್ಟ ಸಲ ನೋಡ್ಲಿ? ಸರಿ.”

ಯಶೋಧರಾ ಸರಿದಳು.

ಮೊದಲ ಏಟು ಎದೆಗೆ ಬಿತ್ತು. ಆಮೇಲೆ ಎಲ್ಲ ಕಡೆಯಿಂದಲೂ ಬಿದ್ದವು. ಕಾಲಿನ ಕೀಲಿಗೆ ಪೆಟ್ಟಾಗಿ ಕಬ್ಬಿಣಪ್ಪ ವಾಲತೊಡಗಿದಾಗ, ತನ್ನ ಭಾರವೇ ತನಗೆ ಮೀರಿತೆಂದು ಮಾಪಕಗಳಿಗೆ ತಿಳಿದು, ಮುಖದ ಎಳೆಗಳು ಬಿಗಿದವು. ಹುಬ್ಬು ಕೂಡಿತು. ಹಣೆಯ ನಡುವೆ ಗಂಟು ಬಿತ್ತು. ಕಣ್ಣು ಎಡಕ್ಕೆ ಹೊರಳಿತು.

“ನೋಡ್ರಲೇ, ಸಾಯೂ ಮುಂದನೂ ಸಿಟ್ಟು ನೋಡ್ರಿ ಇದರದು!”

“ಎಡಕ್ಕ ಬೀಳ್ತಾನ, ಸರೀರಿ!” ಯಶೋಧರಾ ಕಿರುಚಿದಳು. ಯಾರೂ ಕೇಳಲಿಲ್ಲ. ಕಬ್ಬಿಣಪ್ಪ ಎಡಕ್ಕೆ ಬಿದ್ದ. ಮುದುಕಪ್ಪನ ಪಾದ ಜಜ್ಜಿಹೋಯಿತು. ಆ ಹೊತ್ತಿನಲ್ಲೂ ಟೀವಿಯವನೊಬ್ಬ ನೇರಪ್ರಸಾರದಲ್ಲಿ, “ಕೊನೆಯ ಉಸಿರಿನಲ್ಲೂ ಮತ್ತೊಂದು ದಾಳಿ!” ಎನ್ನುತ್ತಿದ್ದ.

ಮಧ್ಯಾಹ್ನದ ಬಿಸಿಲಿಗೆ ಎಲ್ಲ ಮುಗಿಯಿತು. ಚೂರುಗಳನ್ನು ಬುಟ್ಟಿಗೆ ತುಂಬುತ್ತಿದ್ದರು. ಹುಲಿಗೆವ್ವ ಒಂದು ಬುಟ್ಟಿ ತಲೆಯ ಮೇಲಿಟ್ಟುಕೊಂಡವಳು ಹಾಗೇ ನಿಂತಳು. ಸುತ್ತ ನೋಡಿದಳು.

“ಕಲ್ಲು ಎಲ್ಲೈತಿ?” ಎಂದಳು.

“ಯಾವ ಕಲ್ಲು?”

“ಅವನ ಮ್ಯಾಲ ಬಿದ್ದದ್ದು. ಅದನ್ನೂ ಒಡೀಬೇಕಲ್ಲ. ಕಲ್ಲು ಎಲ್ಲೈತಿ?”

ಕೆಲವರು ಗಣಿಯ ಒಳಗೆ ಓಡಿದರು. ದಿಮ್ಮಿ ಇದ್ದ ಜಾಗದಲ್ಲಿ ನೀರು ಹಾಕಿ ತೊಳೆದ ನೆಲವಿತ್ತು, ಲಾರಿಯ ಚಕ್ರದ ಗುರುತಿತ್ತು. ಇತ್ತ ಶರಬತ್ತು ಹಂಚುವ ಹೊತ್ತಿಗೆ, ಸುತ್ತಿಗೆಗಳ ಸದ್ದಿನಲ್ಲಿ, ಅತ್ತ ದೊಡ್ಡ ಯಂತ್ರ ಅದನ್ನು ಲಾರಿಗೆ ಏರಿಸಿ ಆಗಿತ್ತು. ಕೊಂದ ಕಲ್ಲು ಕೆಂಪುಗುಡ್ಡದಿಂದ ಹೊರಗೆ ಹೋದದ್ದು ಅದೇ ಮೊದಲು. ಅಜ್ಜಂದಿರು ಲಾಠಿಗೆ ಬೆನ್ನು ಕೊಟ್ಟು ಉಳಿಸಿಕೊಂಡ ಪದ್ಧತಿಯನ್ನು ಅವರು ಅಂದು ಭಕ್ತಿಯಿಂದಲೇ ನಡೆಸಿ ಮುಗಿಸಿದ್ದರು.

ಕೇಸು ನಿಲ್ಲಲಿಲ್ಲ. ತೋರಿಸಬೇಕಾದ ಯಂತ್ರವನ್ನು ಸತ್ತವನ ಕಡೆಯವರೇ ನಾಶ ಮಾಡಿದ್ದಾರೆ ಎಂದು ಕೋರ್ಟು ಬರೆಯಿತು. ಮಂದಿಯ ಪದ್ಧತಿಗೆ ಅಡ್ಡ ಬರಲಾಗಲಿಲ್ಲ ಎಂದಿತು ಕಂಪನಿ. ಮ್ಯಾನೇಜರನ ಮಾತು ಕೇಳಿದ್ದೇವೆ ಎಂದ ಸಾಕ್ಷಿಗಳಿಗೆ ಕಂಪನಿಯ ವಕೀಲ ಒಂದೇ ಪ್ರಶ್ನೆ ಕೇಳಿದ: “ಕೊಂದವನು ಮ್ಯಾನೇಜರ್ ಅಂತ ಗೊತ್ತಿದ್ದೂ ಯಂತ್ರವನ್ನ ಯಾಕೆ ಒಡೆದಿರಿ?” ಅದಾದ ಮೇಲೆ ಸರಕಾರದ ಆದೇಶ ಬಂತು. ಮನುಷ್ಯರನ್ನು ಹೋಲುವ ಮುಖ ಜನರಲ್ಲಿ ಭೀತಿ ಹುಟ್ಟಿಸುವುದರಿಂದ, ರಾಜ್ಯದ ಎಲ್ಲ ಯಂತ್ರಗಳಿಂದ ಅದನ್ನು ತೆಗೆಯತಕ್ಕದ್ದು. ಗಣಿಯಲ್ಲಿ ಉಳಿದ ಯಂತ್ರಗಳ ಮುಖಗಳನ್ನು ಯಶೋಧರಾಳೇ ಬಿಚ್ಚಿದಳು. ಬೇರೆಯವರು ಬಿಚ್ಚಿದರೆ ಭಾರಮಾಪಕಗಳೂ ಹಾಳಾಗುತ್ತವೆ ಎಂಬ ಭಯ. ಮುಖವಿದ್ದಲ್ಲಿ ಹಳದಿ ಬಣ್ಣ ಬಳಿದರು. ಆ ಮಳೆಗಾಲ ಮುಗಿಯುವುದರೊಳಗೆ ಗಣಿಯಲ್ಲಿ ಇನ್ನೊಂದು ಸಾವಾಯಿತು. ಅದನ್ನು ಅಪಘಾತ ಎಂದು ಬರೆದರು. ಟೀವಿಯವರು ಬರಲಿಲ್ಲ.

ಒಂದು ಮಧ್ಯಾಹ್ನ ಯಶೋಧರಾ ಬುತ್ತಿ ಬಿಚ್ಚಿ ಕೂತಿದ್ದಾಗ ಹುಲಿಗೆವ್ವ ಪಕ್ಕಕ್ಕೆ ಬಂದು ಕೂತಳು. ಗಂಡನ ಜಾಗದಲ್ಲಿ ಈಗ ಅವಳಿಗೆ ಕೆಲಸ. ಕೈಯಲ್ಲಿ ಮೊಬೈಲು ಇತ್ತು.

“ನಮ್ಮದ ಸಿನಿಮಾ ಮಾಡ್ಯಾರಕ್ಕ, ನೋಡು.”

ಮಾಡಿದ್ದರು. ಊರ ಹೆಸರು ಬೇರೆ, ಮಂದಿಯ ಹೆಸರು ಬೇರೆ. ಯಂತ್ರಮಾನವನ ಕಣ್ಣು ಕೆಂಪಗಿತ್ತು, ಹುಬ್ಬು ಗಂಟಿಕ್ಕಿತ್ತು. ಕೊನೆಯಲ್ಲಿ ನಾಯಕ ಅದನ್ನು ಸುತ್ತಿಗೆಯಿಂದ ಒಡೆಯುತ್ತಾನೆ. ಹುಲಿಗೆವ್ವ ಕಣ್ಣು ಕೀಲಿಸಿ ಪೂರ್ತಿ ನೋಡಿದಳು. ಮುಗಿದ ಮೇಲೆ ಕೇಳಿದಳು:

“ಇದರಾಗ ಸಾಹುಕಾರ ಯಾರು?”

“ಸಾಹುಕಾರ ಇಲ್ಲ ಇದರಾಗ.”

“ಮತ್ತ ಆ ಮಸೀನು ಯಾರದು?”

ಯಶೋಧರಾ ಚಿಕ್ಕಂದಿನಿಂದ ನೋಡಿದ ಅಂಥ ಸಿನಿಮಾಗಳನ್ನೆಲ್ಲ ನೆನಪಿಗೆ ತಂದುಕೊಂಡಳು. ಕೆಂಪು ಕಣ್ಣುಗಳು ಒಂದೊಂದಾಗಿ ನೆನಪಾದವು. ಉಕ್ಕಿನ ಹಲ್ಲು, ಉಕ್ಕಿನ ಬೆರಳು, ಮನುಷ್ಯರ ಹಾಗೇ ನಕ್ಕು ಕುತ್ತಿಗೆಗೆ ಕೈ ಹಾಕಿದ ಗೊಂಬೆಗಳು. ಅವುಗಳನ್ನು ಮಾಡಿಸಿದವನು, ದುಡಿಸಿದವನು, ಲಾಭ ಎಣಿಸಿಕೊಂಡು ಮನೆಗೆ ಹೋದವನು, ಒಬ್ಬನ ಮುಖವೂ ನೆನಪಾಗಲಿಲ್ಲ.

“ನಮ್ಮ ಸಾಹುಕಾರನ ಮಾರಿ ಹೆಂಗೈತಕ್ಕ? ನೀ ನೋಡೀಯೇನು?”

“ಇಲ್ಲ ಹುಲಿಗೆವ್ವ.”

“ನಾನೂ ನೋಡಿಲ್ಲ. ಇಲ್ಲಿ ಯಾರೂ ನೋಡಿಲ್ಲಂತ, ಕೇಳೀನಿ ಎಲ್ಲಾರ್ನೂ.” ಹುಲಿಗೆವ್ವ ಮೊಬೈಲು ಮಡಿಲಲ್ಲಿಟ್ಟು, ಬುತ್ತಿಯ ರೊಟ್ಟಿ ಮುರಿದಳು. “ಬೈಯಬೇಕಂದ್ರೂ ಒಂದು ಮಾರಿ ಬೇಕಲ್ಲಕ್ಕ. ಅದನ್ನೂ ನಮ್ಮದ ಕೊಟ್ವಿ.”